ನನ್ನ ಹೆಸರಿನ ಬಿಂದಿಗೆ

ಮೊನ್ನೆ ಅಟ್ಟ ಗುಡಿಸುವಾಗ ಹಳೆಯ ಸ್ಟೀಲ್ ಬಿಂದಿಗೆಯೊಂದು ಸಿಕ್ಕಿತು. ಕಂಠದ ಮೇಲೆ ಚುಕ್ಕೆಚುಕ್ಕೆಯಾಗಿ ನನ್ನ ಹೆಸರು. "ಯಾರು ಕೊಟ್ಟಿದ್ದಪ್ಪಾ?" ಎಂದಳು ಮಗಳು. ಸುಮ್ಮನೆ ಕೆಮ್ಮಿದೆ. ನಿಮಗಾದರೂ ನಿಜ ಹೇಳಿಬಿಡುತ್ತೇನೆ.

ತೊಂಬತ್ತರ ದಶಕ. ನಾನು ಶ್ರೀರಂಗಪಟ್ಟಣದಲ್ಲಿ ಕಾಲೇಜು ಓದುತ್ತಿದ್ದೆ. ಓದಿದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. 'ರಾಜಕೀಯ ಭ್ರಷ್ಟಾಚಾರಕ್ಕೆ ಯಾರು ಹೊಣೆ?' ಎಂಬ ಚರ್ಚಾಸ್ಪರ್ಧೆಯಲ್ಲಿ ರಾಜಕಾರಣಿಗಳನ್ನು ಹಿಗ್ಗಾಮುಗ್ಗಾ ಬೈದು ಮೊದಲ ಬಹುಮಾನ ಹೊಡೆದೆ. ಊರಿಗೆ ಬಂದರೆ ನಡುಮನೆಯಲ್ಲಿ ಹೊಸ ಬಿಂದಿಗೆ! ಪಂಚಾಯ್ತಿ ಚುನಾವಣೆಗೆ ನಿಂತಿದ್ದ ಸಿದ್ದೇಗೌಡರು ಮನೆಗೊಂದರಂತೆ ಹಂಚಿದ್ದರು. ಅವ್ವನ ಮುಂದೆ ಭಾಷಣವನ್ನು ಇನ್ನೊಮ್ಮೆ ಒಪ್ಪಿಸಿದೆ.

"ಸುಮ್ಕಿರ್ಲಾ. ಮನೆ ಬಾಗ್ಲಿಗೆ ಬಂದೋರ್ನ ಬ್ಯಾಡ ಅನ್ನಕಾಯ್ತದಾ?" ಎಂದು ಅವ್ವ ಕಾಫಿ ಕೊಟ್ಟಳು. ನನ್ನ ಸಿಟ್ಟೂ ಅಲ್ಲಿಗೇ ಇಳಿಯಿತು.

ನಮ್ಮ ಮನೆಗೆ ಹೊಸ ಪಾತ್ರೆ ಬಂದರೆ ಮೊದಲು ಹೆಸರು ಹಾಕಿಸಬೇಕು. ಮದುವೆಮನೆಗೆ ಎರವಲು ಹೋದದ್ದು ತಿರುಗಿ ಬರಬೇಕಲ್ಲ! ಸೈಕಲ್ಲಿಗೆ ಕಟ್ಟಿಕೊಂಡು ಪಟ್ಟಣದ ಪಾತ್ರೆ ಅಂಗಡಿಗೆ ಹೋದವನು ನಾನೇ. ಯಾರ ಹೆಸರು ಎಂದು ಕೇಳಿದರು. ನನ್ನದೇ ಹೇಳಿದೆ, ಇನಿಷಿಯಲ್ ಸಮೇತ.

ಗೌಡರು ಗೆದ್ದರು. ಆಮೇಲೆ ನಮ್ಮ ಬೀದಿಯ ನಲ್ಲಿ ಕೆಟ್ಟು ಮೂರು ತಿಂಗಳಾದರೂ ರಿಪೇರಿ ಇಲ್ಲ. ನಾಲೆಯಿಂದ ನೀರು ಹೊತ್ತು ಸುಸ್ತಾದ ಹೆಂಗಸರು ಕೇಳಲು ಹೋದರೆ, "ಬಿಂದ್ಗೆ ಇಸ್ಕಂಡ್ರಲ್ಲವ್ವಾ, ಇನ್ನೇನ್ ಕೊಡ್ಬೇಕು?" ಎಂದು ಗೌಡರು ನಕ್ಕರಂತೆ.

ನನ್ನ ಭಾಷಣಕ್ಕೆ ಅಲುಗದ ಅವ್ವ ಆ ನಗುವಿಗೆ ಟೊಂಕ ಕಟ್ಟಿದಳು. ಮಾರನೆಯ ಬೆಳಿಗ್ಗೆ ಬೀದಿಯ ಬಿಂದಿಗೆಗಳೆಲ್ಲ ಗೌಡರ ಜಗುಲಿ ಮೇಲೆ ಸಾಲಾಗಿ ಕೂತವು. "ತಕಳಪ್ಪಾ ನಿನ್ ಬಿಂದ್ಗೆಯ. ಈಗ ನಲ್ಲಿ ಮಾಡ್ಸು" ಎಂದಳು ಅವ್ವ.

ಗೌಡರು ಸಾಲನ್ನೊಮ್ಮೆ ನೋಡಿದರು. "ನಿಮ್ಮನೇದೇ ಇಲ್ವಲ್ಲವ್ವಾ? ಅದೂ ಬರ್ಲಿ, ಮಾಡುಸ್ತೀನಿ."

ಹೆಸರು ಬಯಲಾದೀತೆಂದು ಅದನ್ನು ಬೆಳಿಗ್ಗೆಯೇ ಬಚ್ಚಿಟ್ಟಿದ್ದವನು ನಾನೇ. ಅವ್ವ ಹಿಂದೆ ನಿಂತಿದ್ದ ನನ್ನ ಕಡೆ ತಿರುಗಿದಳು. ಬೀದಿಯೇ ತಿರುಗಿತು. ಇಡೀ ಬೀದಿಯ ನೀರು ನನ್ನ ಮರ್ಯಾದೆಯ ಮೇಲೆ ನಿಂತಿತ್ತು. ಮನೆಗೆ ಹೋಗಿ, ಹೆಸರು ಎದೆಗೆ ಒತ್ತಿ ಮುಚ್ಚಿಕೊಂಡು ಬಿಂದಿಗೆ ತಂದಿಟ್ಟೆ. ಗೌಡರು ತಿರುಗಿಸಿ ಗಟ್ಟಿಯಾಗಿ ಓದಿದರು. "ಓಹೋ, ಭಾಷಣದ ಪ್ರೈಜಾ ಇದು?" ಹೆಂಗಸರು ಬಿದ್ದು ಬಿದ್ದು ನಕ್ಕರು, ಅವ್ವನೂ ನಕ್ಕಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

"ನಿನ್ ಹೆಸ್ರಿರೋದ್ನ ನಾನೇನ್ ಮಾಡ್ಲಾ? ತಕಂಡೋಗು" ಎಂದು ಗೌಡರು ಅದೊಂದನ್ನು ವಾಪಸ್ಸು ಕೊಟ್ಟರು. ಸಂಜೆಗೆ ನಲ್ಲಿಯಲ್ಲಿ ನೀರು ಬಂತು.

ಕೊನೆಗೆ ಮಗಳಿಗೂ ಎಲ್ಲ ಹೇಳಿದೆ. "ಹಂಗಾದ್ರೆ ಹೊಣೆ ಯಾರಪ್ಪಾ?" ಎಂದಳು. ಬಿಂದಿಗೆ ತಿರುಗಿಸಿ ತೋರಿಸಿದೆ. "ಇನಿಷಿಯಲ್ಲೂ ಐತೆ!" ಎಂದು ನಕ್ಕಳು.

ಈಗ ಮತ್ತೆ ಚುನಾವಣೆ. ನಿನ್ನೆ ಇಬ್ಬರು ಕುಕ್ಕರ್ ಹಿಡಿದು ಬಿಸಿಲಲ್ಲಿ ಬಂದರು. ಮನೆ ಬಾಗಿಲಿಗೆ ಬಂದವರಲ್ಲವೇ? ಅದೇ ಬಿಂದಿಗೆಯಿಂದ ತಣ್ಣನೆ ನೀರು ಕೊಟ್ಟು, ಕುಕ್ಕರನ್ನು ಅವರ ಕೈಗೇ ಇಟ್ಟು ಕಳಿಸಿದೆ.