ಜಾವಗಲ್ಲಿನ ಶಿವಲಿಂಗಪ್ಪನವರ ಬಲಗೈ

ಶಿವಲಿಂಗಪ್ಪನವರು ತೆಂಗಿನಕಾಯನ್ನು ಕಿವಿಯ ಹತ್ತಿರ ಹಿಡಿದು ಒಂದೇ ಸಲ ಅಲ್ಲಾಡಿಸುತ್ತಿದ್ದರು. ಎರಡನೇ ಸಲ ಅಲ್ಲಾಡಿಸಿದ್ದನ್ನು ನಾನು ಕಾಣೆ. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಯೊಳಗೆ ನೀರೆಲ್ಲ ಇಂಗಿ, ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಟ್ಟಿದ್ದರೆ ಅದಕ್ಕೊಂದು ಸದ್ದು, ಅರ್ಧ ಒಣಗಿದ್ದರೆ ಇನ್ನೊಂದು, ಒಳಗೇ ಕೆಟ್ಟಿದ್ದರೆ ಮತ್ತೊಂದು. ನನ್ನ ಕಿವಿಗೆ ಮೂರೂ ಒಂದೇ. ಅವರು ಮಾತ್ರ "ಆಗೈತೆ", "ಇನ್ನೂ ಹಸಿ", "ಕೆಟ್ಟೈತೆ, ಅತ್ಲಾಗಾಕು" ಎಂದು ತೆಗೆದಿಡುತ್ತ ಹೋಗುವರು. ಜಾವಗಲ್ಲಿನ ಅವರ ಕಾಯಿಮನೆಯಲ್ಲಿ ಒಂದು ಬೆಳಿಗ್ಗೆ ಕೂತು, ಅವರು ಬೇರೆ ಮಾಡಿದ ರಾಶಿಗಳಿಂದ ಹತ್ತು ಹನ್ನೆರಡು ಕಾಯಿಗಳನ್ನು ಹಟಕ್ಕೆ ಒಡೆಸಿ ನೋಡಿದೆ. ಒಂದೂ ತಪ್ಪಿರಲಿಲ್ಲ.

ಆದರೆ ಅವರ ಪರಿಚಯವಾದದ್ದು ಕಾಯಿಯಿಂದಲ್ಲ, ಸೂಜಿಯಿಂದ.

ಎರಡು ಸಾವಿರದ ದಶಕದ ಮೊದಲ ವರ್ಷಗಳು. ನಾನು ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತ, ಎಂ.ಟೆಕ್. ಪದವಿಗಾಗಿ ಒಂದು ಪ್ರಯೋಗ ಹಚ್ಚಿಕೊಂಡಿದ್ದೆ. ಚರ್ಮದ ಕೆಳಗಿರುವುದನ್ನು ಅಲ್ಟ್ರಾಸೌಂಡ್ ಮಷೀನು ಕಪ್ಪುಬಿಳುಪಿನಲ್ಲಿ ತೋರಿಸುತ್ತದೆ. ಆ ಮಸುಕು ಚಿತ್ರದಲ್ಲಿ ರಕ್ತನಾಳ ಎಲ್ಲಿದೆ, ಸೂಜಿ ಎಷ್ಟು ಆಳಕ್ಕೆ ಹೋಗಬೇಕು ಎಂಬುದನ್ನು ಕಂಪ್ಯೂಟರೇ ಗುರುತಿಸುವಂತೆ ಮಾಡಬೇಕು. ಅದಕ್ಕೆ ಲೆಕ್ಕದ ಸೂತ್ರ ಬರೆದುಕೊಟ್ಟರೆ ಸಾಲದು. ಸಾವಿರಾರು ಚಿತ್ರ ತೋರಿಸಿ, "ಇದು ರಕ್ತನಾಳ" ಎಂದು ಒಂದೊಂದರ ಮೇಲೂ ಗುರುತು ಹಾಕಿಕೊಡಬೇಕು. ನೋಡುತ್ತ ನೋಡುತ್ತ ಅದು ತಾನೇ ಕಲಿಯುತ್ತದೆ.

ಚಿತ್ರ ಬೇಕೆಂದರೆ ಕೈಗಳು ಬೇಕಲ್ಲ! ನಮ್ಮೂರು ಅರಸೀಕೆರೆಯಲ್ಲಿ ಡಾಕ್ಟರ್ ನಾಗರಾಜ್ ಎಂಬುವರು ತಮ್ಮ ಸಣ್ಣ ಆಸ್ಪತ್ರೆಯಲ್ಲಿ ಎರಡು ಡಯಾಲಿಸಿಸ್ ಮಷೀನು ಇಟ್ಟಿದ್ದರು. ಮೂತ್ರಪಿಂಡ ಕೆಟ್ಟವರ ರಕ್ತವನ್ನು ವಾರಕ್ಕೆ ಮೂರು ಸಲ ಹೊರಗೆ ತೆಗೆದು, ಶುದ್ಧಮಾಡಿ ಒಳಗೆ ಬಿಡುವ ಕೆಲಸ. ಪ್ರತಿ ಸಲವೂ ಕೈಗೆ ಎರಡು ದಪ್ಪ ಸೂಜಿ. "ರೋಗಿಗಳು ಒಪ್ಪಿದರೆ ನಾನೇ ಸ್ಕ್ಯಾನ್ ಮಾಡಿ ಚಿತ್ರ ಕೊಡ್ತೀನಿ. ನಿಮ್ಮ ಕಂಪ್ಯೂಟರ್ ಹೇಳ್ತು ಅಂತ ಮಾತ್ರ ಯಾರಿಗೂ ಸೂಜಿ ಚುಚ್ಚೋದಿಲ್ಲ" ಎಂದಿದ್ದರು ಡಾಕ್ಟರು.

ರೋಗಿಗಳು ಒಪ್ಪಲಿಲ್ಲ. ಮೊದಲೇ ಸೂಜಿಯಿಂದ ಬೇಸತ್ತವರು, ಇವಳದ್ದೊಂದು ಕಾಟ ಬೇರೆ ಎನ್ನುವಂತೆ ಮುಖ ತಿರುಗಿಸಿದರು. ಆಗ ಕಿಟಕಿ ಪಕ್ಕದ ಮಂಚದಿಂದ ದೊಡ್ಡ ದನಿ ಬಂತು.

"ಬಾರವ್ವ ಇಲ್ಲಿ. ಅದೇನು ನಿನ್ನ ಮಷೀನು, ಒಳಗಿಂದು ಹೆಂಗೆ ನೋಡ್ತದೆ?"

ಹಣೆಯಲ್ಲಿ ವಿಭೂತಿ, ಅರವತ್ತರ ಹತ್ತಿರದ ವಯಸ್ಸು, ಸೊರಗಿದರೂ ಅಗಲವಾದ ಮೈಕಟ್ಟು. ಶಬ್ದವನ್ನು ಒಳಗೆ ಕಳಿಸುತ್ತದೆ, ಅದು ಎಲ್ಲಿ ಬಡಿದು ವಾಪಸ್ ಬರುತ್ತದೋ ಅದರಿಂದ ಚಿತ್ರ ಕಟ್ಟುತ್ತದೆ ಎಂದೆ. ಅವರು ಮಂಚದಲ್ಲಿ ಎದ್ದು ಕೂತುಬಿಟ್ಟರು.

"ಸದ್ದು ಕೇಳಿ ಹೇಳ್ತದಾ? ನಾನು ನಲವತ್ತು ವರ್ಷದಿಂದ ಮಾಡ್ತಿರೋದು ಅದೇ ಕಣವ್ವ! ತಗೋ, ನನ್ನ ಕೈ ತಗೋ."

ಎಡಗೈಯ ನಾಳ ಚುಚ್ಚಿಸಿಕೊಂಡೇ ಮುಚ್ಚಿಹೋಗಿತ್ತು. ಬಲತೋಳಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಎರಡು ರಕ್ತನಾಳಗಳನ್ನು ಸೇರಿಸಿದ್ದರು. ಅಂಥ ಜಾಗದಲ್ಲಿ ರಕ್ತ ರಭಸದಿಂದ ಹರಿಯುತ್ತದೆ. ಬೆರಳಿಟ್ಟರೆ ಜುಂ ಎನ್ನುತ್ತದೆ. ಆದರೆ ಅವರದ್ದು ಆಳದಲ್ಲಿತ್ತು. ಸಿಸ್ಟರ್ ಜಯಮ್ಮನಂಥ ಪಳಗಿದ ಕೈಯೂ ಒಮ್ಮೊಮ್ಮೆ ತಪ್ಪುತ್ತಿತ್ತು. ತಪ್ಪಿದಾಗ ಅವರು ಹಲ್ಲು ಕಚ್ಚಿ ನಗುತ್ತ, "ನಿಧಾನ ಕಣಮ್ಮ, ನರ ಎಲ್ಲೂ ಓಡೋಗಲ್ಲ" ಎಂದು ಜಯಮ್ಮನನ್ನೇ ಸಮಾಧಾನ ಮಾಡುವರು.

ಅವತ್ತಿನಿಂದ ವಾರಕ್ಕೆ ಮೂರು ದಿನ ಅವರ ತೋಳಿನ ಚಿತ್ರಗಳು ನನಗೆ ಸಿಕ್ಕವು. ಪರದೆಯ ಮೇಲೆ ತಮ್ಮದೇ ರಕ್ತನಾಳ ಕಪ್ಪು ಉಂಗುರವಾಗಿ ಮಿಡಿಯುವುದನ್ನು ಮೊದಲ ಸಲ ನೋಡಿದಾಗ ಅವರು ಕತ್ತು ಚಾಚಿ ಪರದೆಯ ಹತ್ತಿರಕ್ಕೆ ಬಂದರು. ಆಮೇಲೆ ಮೆಲ್ಲಗೆ, "ಹುಟ್ಟಿದಾಗಿಂದ ಇದು ಹಿಂಗೇ ಬಡ್ಕೋತಾ ಐತಾ? ನಾನು ಒಂದು ದಿನಾನೂ ಕೇಳ್ಲಿಲ್ಲವಲ್ಲ" ಎಂದರು.

ಒಂದು ದಿನ ಮಗುವಿನಂಥ ಆಸೆಯಿಂದ ಚೀಲದಲ್ಲಿ ಒಂದು ಕಾಯಿ ತಂದು, ಅದನ್ನೂ ಸ್ಕ್ಯಾನ್ ಮಾಡಿ ಎಂದರು. ಡಾಕ್ಟರು ನಗುತ್ತ ಮಾಡಿದರು. ಸಿಪ್ಪೆಯಲ್ಲಿ ಗಾಳಿ, ಅದರೊಳಗೆ ಗಟ್ಟಿ ಚಿಪ್ಪು. ಶಬ್ದ ಒಳಗೇ ಹೋಗದೆ ಪರದೆ ಪೂರ್ತಿ ಕತ್ತಲಾಯಿತು. ಶಿವಲಿಂಗಪ್ಪನವರ ಸಂತೋಷ ಹೇಳತೀರದು. "ನೋಡ್ದಾ ಜಯಮ್ಮ? ಇನ್ನೂ ನನಗೆ ಕೆಲಸ ಐತೆ!"

ನಾಲ್ಕು ತಿಂಗಳಿಗೆ ನನ್ನ ಪ್ರೋಗ್ರಾಂ ರಕ್ತನಾಳದ ಸುತ್ತ ಹಸಿರು ಗೆರೆ ಎಳೆಯುವಷ್ಟು ಕಲಿತಿತ್ತು. ಹೆಮ್ಮೆಯಿಂದ ಅವರಿಗೆ ತೋರಿಸಿದೆ. ಅವತ್ತು ಹಸಿರು ಗೆರೆ ಒಂದು ದೊಡ್ಡ ಕಪ್ಪು ವೃತ್ತದ ಸುತ್ತ ಬಂತು. ಅವರು ಎಡಗೈ ಬೆರಳನ್ನು ತೋಳಿನ ಆ ಜಾಗದ ಮೇಲಿಟ್ಟು ತಲೆ ಅಲ್ಲಾಡಿಸಿದರು.

"ಇಲ್ಲಿ ಜುಂ ಅನ್ನಲ್ಲ ಕಣವ್ವ."

ಡಾಕ್ಟರು ಪರೀಕ್ಷಿಸಿ, "ಹೌದು, ಇದು ನಾಳ ಅಲ್ಲ. ಹೋದ ವಾರ ಸೂಜಿ ತಪ್ಪಿ ಒಳಗೆ ನಿಂತಿರೋ ರಕ್ತ. ಚಿತ್ರದಲ್ಲಿ ಎರಡೂ ಕಪ್ಪಗೇ ಕಾಣ್ತವೆ" ಎಂದರು. ನನಗೆ ಭೂಮಿಗೆ ಇಳಿದುಹೋದಂತಾಯಿತು. ಅದನ್ನು ನಂಬಿ ಯಾರಾದರೂ ಚುಚ್ಚಿದ್ದರೆ?

ಶಿವಲಿಂಗಪ್ಪನವರು ನನ್ನ ಮುಖ ನೋಡಿದರು.

"ನೀನು ಅದಕ್ಕೆ ಎಂಥಾ ಚಿತ್ರ ತೋರ್ಸಿದ್ದೀಯ?"

"ನಿಮ್ಮ ಚಿತ್ರಗಳಲ್ಲಿ ರಕ್ತನಾಳ ಚೆನ್ನಾಗಿ ಕಾಣೋವನ್ನ ಮಾತ್ರ ಆರಿಸಿ ತೋರ್ಸಿದ್ದು, ಯಜಮಾನ್ರೇ."

"ಬರೀ ಒಳ್ಳೇದೇ ತೋರ್ಸಿದ್ರೆ ಅದಕ್ಕೆ ಕೆಟ್ಟದ್ದು ಹೆಂಗೆ ಗೊತ್ತಾಯ್ತದೆ? ನಾನು ಮೊದಲು ಆರಿಸಿದ ರಾಶೀಲಿ ಅರ್ಧಕ್ಕರ್ಧ ಕೊಳೆತಿದ್ವು. ನಮ್ಮಪ್ಪ ಬಯ್ಯಲಿಲ್ಲ. ಕೊಳೆತಿದ್ದನ್ನೇ ಗುಡ್ಡೆ ಹಾಕಿ, ಒಂದೊಂದೂ ಅಲ್ಲಾಡ್ಸು, ಕೇಳು, ಒಡೆದು ನೋಡು ಅಂದ್ರು. ಒಂದು ತಿಂಗಳು ಅದೇ ಕೆಲಸ. ಆಮೇಲೆ ಕಿವಿ ಬಂತು. ನಿನ್ನ ಮಷೀನಿಗೂ ಕೆಟ್ಟದ್ದು ತೋರ್ಸು."

ಪುಸ್ತಕಗಳಲ್ಲಿ ಓದಿಯೂ ನಾನು ಉದಾಸೀನ ಮಾಡಿದ್ದ ಮಾತು. ಆದರೆ ಸಿಗದ ನಾಳ, ಹೆಪ್ಪುಗಟ್ಟಿದ ರಕ್ತ, ಸೊರಗಿದ ತೋಳು, ಇವುಗಳ ಚಿತ್ರ ಎಲ್ಲಿಂದ ತರುವುದು? ಸ್ಕ್ಯಾನಿಂಗ್ ಮಷೀನನ್ನು ಊರೂರಿಗೆ ಒಯ್ಯೋಣವೆಂದರೆ, ಭ್ರೂಣಲಿಂಗ ಪತ್ತೆ ತಡೆಯುವ ಕಾನೂನು ಅದನ್ನು ಆಸ್ಪತ್ರೆಯಿಂದ ಹೊರಗೆ ಬಿಡುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು.

"ಮಷೀನು ಬರದಿದ್ರೆ ಜನ ಬತ್ತಾರೆ" ಎಂದರು ಶಿವಲಿಂಗಪ್ಪನವರು.

ಮುಂದಿನ ಡಯಾಲಿಸಿಸ್ ದಿನ ಜಾವಗಲ್ ಬಸ್ಸಿನಿಂದ ಅವರ ಹಿಂದೆ ಐದು ಜನ ಮುದುಕಿಯರು ಇಳಿದರು. ಆಸ್ಪತ್ರೆಗೆ ಹೋದಾಗಲೆಲ್ಲ "ನರ ಸಿಗ್ತಿಲ್ಲ" ಎನಿಸಿಕೊಂಡವರು. ಅದರ ಮುಂದಿನ ಸಲ ಕಣಕಟ್ಟೆಯಿಂದ ಮೂವರು, ಆಮೇಲೆ ಹಗರೆಯಿಂದ ಅವರ ಬೀಗರ ಮನೆಯವರೇ ಒಂದಿಷ್ಟು ಜನ. ಶಿವಲಿಂಗಪ್ಪನವರ ಹೆಂಡತಿ ಗಂಗಮ್ಮನವರು ವರಾಂಡದಲ್ಲಿ ಕೂತು ಬಂದವರಿಗೆಲ್ಲ ಬುತ್ತಿ ಬಿಚ್ಚಿ ಅನ್ನ ಕಲಸಿಕೊಡುವರು. ಅವರೊಬ್ಬರು ಮಾತ್ರ ಮಷೀನಿನ ಕೋಣೆಗೆ ಕಾಲಿಡುತ್ತಿರಲಿಲ್ಲ. ಗಂಡನಿಗೆ ಸೂಜಿ ಚುಚ್ಚುವುದನ್ನು ನೋಡಲಾಗದು ಅವರಿಗೆ. ಆ ಮಳೆಗಾಲ ಮುಗಿಯುವುದರೊಳಗೆ ನನ್ನ ಹತ್ತಿರ ಕಷ್ಟದ ಕೈಗಳ ಚಿತ್ರ ಸಾವಿರಕ್ಕೂ ಮೀರಿತ್ತು. ಒಂದೊಂದರ ಮೇಲೂ ಡಾಕ್ಟರು ಗುರುತು ಹಾಕಿದರು. ಯಾವುದು ನಾಳ, ಯಾವುದು ನಾಳದಂತೆ ಕಂಡು ಮೋಸ ಮಾಡುವುದು ಎಂದು ನನ್ನ ಪ್ರೋಗ್ರಾಂ ಮತ್ತೆ ಮೊದಲಿನಿಂದ ಕಲಿಯಿತು.

ಒಂದು ಸೋಮವಾರ ಅವರ ತೋಳಿನಲ್ಲಿ ಸೂಜಿ ಎರಡು ಸಲ ತಪ್ಪಿತು. ತೋಳು ಊದಿ ನೀಲಿಯಾಯಿತು. ಡಯಾಲಿಸಿಸ್ ಆಗದೆ, ಡಾಕ್ಟರ ಮಾತಿನಂತೆ ರಾತ್ರಿ ಅಲ್ಲೇ ಉಳಿದುಕೊಂಡರು. ಮಂಗಳವಾರ ಬೆಳಿಗ್ಗೆ ನಾನು ಹೋದಾಗ ಅವರ ಕಾಲುಗಳು ಕಂಬದ ಹಾಗೆ ಬಾತಿದ್ದವು. ಮಲಗಿದರೆ ಉಸಿರು ಕಟ್ಟುತ್ತಿತ್ತು. ದಿಂಬುಗಳಿಗೆ ಒರಗಿ ಕೂತಿದ್ದರು.

"ಇನ್ನೊಂದು ಸಲ ನೋಡ್ತೀನಿ. ಆಗದಿದ್ರೆ ಹಾಸನಕ್ಕೆ ಕಳಿಸಿ ಕುತ್ತಿಗೆಗೆ ನಳಿಗೆ ಹಾಕಿಸ್ಬೇಕು. ದಾರೀಲಿ ಹೇಗೋ ಏನೋ" ಎಂದರು ಡಾಕ್ಟರು, ನನಗೆ ಮಾತ್ರ ಕೇಳುವಂತೆ.

ಶಿವಲಿಂಗಪ್ಪನವರು ಏದುಸಿರಿನ ನಡುವೆ ಹೇಳಿದರು. "ಇವಳ ಮಷೀನು... ಏನಂತದೆ... ಕೇಳಿ."

ಡಾಕ್ಟರು ತೋಳಿನ ಮೇಲೆ ಸ್ಕ್ಯಾನರ್ ಇಟ್ಟರು. ಪರದೆಯ ಮೇಲೆ ಎರಡು ಕಪ್ಪು ವೃತ್ತಗಳು: ಮೇಲುಗಡೆ ದೊಡ್ಡದು, ಅದರ ಕೆಳಗೆ, ಆಳದಲ್ಲಿ, ಹುಣಸೆ ಬೀಜದಷ್ಟು ಸಣ್ಣದು. ದೊಡ್ಡದೇ ನಾಳ ಎಂದುಕೊಂಡೆ. ಡಾಕ್ಟರೂ ಹಾಗೇ ಎಂದುಕೊಂಡರಂತೆ. ಹಸಿರು ಗೆರೆ ಬಂದು ಸಣ್ಣದನ್ನು ಸುತ್ತಿತು. ನನಗೇ ನಂಬಿಕೆ ಬರಲಿಲ್ಲ. "ಡಾಕ್ಟ್ರೇ, ಅದು ತಪ್ಪಿರಬಹುದು" ಎಂದೆ.

"ಅದು ಕೆಟ್ಟಿದ್ದನ್ನ ನೋಡೈತೆ ಕಣವ್ವ" ಎಂದರು ಶಿವಲಿಂಗಪ್ಪನವರು, ಕಣ್ಣು ಮುಚ್ಚಿಕೊಂಡೇ.

ಡಾಕ್ಟರು ಸ್ಕ್ಯಾನರನ್ನು ತುಸು ಒತ್ತಿ ನೋಡಿದರು. ದೊಡ್ಡ ವೃತ್ತ ಕೆಸರಿನ ಹಾಗೆ ಸುಮ್ಮನೆ ಬಿದ್ದಿತ್ತು. ಸಣ್ಣದು ಮಿಡಿಯುತ್ತಿತ್ತು. ದೊಡ್ಡದು ಹಿಂದಿನ ದಿನ ಒಳಗೆ ಸುರಿದ ರಕ್ತ! "ಸರಿ, ಸಣ್ಣದೇ" ಎಂದರು ಡಾಕ್ಟರು. ಜಯಮ್ಮ ಸೂಜಿ ಇಳಿಸಿದರು. ಪರದೆಯಲ್ಲಿ ಅದು ಸಣ್ಣ ಬಿಳಿ ಗೆರೆಯಾಗಿ ಹೊರಟು, ದೊಡ್ಡದರ ಪಕ್ಕದಲ್ಲೇ ಹಾದು, ಹಸಿರು ಉಂಗುರದ ಅಂಚು ಮುಟ್ಟಿತು. ಒಂದು ಕ್ಷಣ ಅಂಚು ಒಳಕ್ಕೆ ಬಾಗಿತು. ಆಮೇಲೆ ದಾಟಿತು. ನಳಿಗೆಯಲ್ಲಿ ಕೆಂಪು ರಕ್ತ ನುಗ್ಗಿ ಬಂತು.

ಏನೂ ತಿಳಿಯದ ಒಂದು ಪೆಟ್ಟಿಗೆ, ಊರೂರಿನ ಮುದುಕಿಯರ ಕೈ ನೋಡಿ ಕಲಿತು, ನಾನೂ ಡಾಕ್ಟರೂ ತಪ್ಪು ತಿಳಿದಿದ್ದನ್ನು ಸರಿಯಾಗಿ ಹೇಳಿತ್ತು. ಎರಡನೇ ಸೂಜಿಯೂ ಹಾಗೇ ಕೂತಿತು. ಉಸಿರು ಹಗುರಾದ ಮೇಲೆ ಶಿವಲಿಂಗಪ್ಪನವರು ಕಣ್ಣು ಬಿಟ್ಟು, ಅಲ್ಲಾಡಿಸಬಾರದ ಬಲಗೈಯನ್ನು ಹಾಗೇ ಬಿಟ್ಟು, ಎಡಗೈಯನ್ನು ಎದೆಗಿಟ್ಟು ಪರದೆಯತ್ತ ತಲೆ ಬಾಗಿಸಿದರು.

"ಕಲ್ತುಬಿಡ್ತಲ್ಲವ್ವ" ಎಂದರು.

ಆಮೇಲೆ ಎರಡು ವರ್ಷ ಬದುಕಿದರು. ಕೊನೆಗೆ ಹೃದಯ ಸೋತಿತು. ಬೆಳಿಗ್ಗೆ ಕಾಫಿ ಕುಡಿದು ಜಗುಲಿಯಲ್ಲಿ ಕೂತವರು ಏಳಲಿಲ್ಲವಂತೆ. ನನಗೆ ಸುದ್ದಿ ತಲುಪುವಷ್ಟರಲ್ಲಿ ಮೂರು ದಿನ ಕಳೆದಿತ್ತು. ಜಾವಗಲ್ಲಿಗೆ ಹೋದೆ. ಗಂಗಮ್ಮನವರು ನಡುಮನೆಯ ಕಂಬಕ್ಕೆ ಒರಗಿದ್ದರು. ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ನಾನು ಅಳತೊಡಗಿದೆ. ಅವರೇ ನನ್ನ ಬೆನ್ನು ಸವರಿದರು.

"ನಿನ್ನ ಕೆಲಸ ಮುಗೀತೇನವ್ವ?"

"ಇನ್ನೂ ಬಹಳ ಇದೆ ಅಮ್ಮ."

ಅವರು ಕುಪ್ಪಸದ ತೋಳನ್ನು ಮೊಣಕೈ ದಾಟಿಸಿ ಮೇಲೆ ಸರಿಸಿದರು. ಸಣಕಲು ಕೈ ನನ್ನ ಮಡಿಲಲ್ಲಿಟ್ಟರು.

"ಅವರಿಲ್ಲ ಅಂತ ನಿಲ್ಲಿಸ್ಬೇಡ. ಇದೂ ಸಿಗದ ನರಾನೇ ಅಂತೆ. ಆ ಕೋಣೆಗೆ ನಾನೂ ಬತ್ತೀನಿ."