ಹಿಡಿದರೂ ಬಿಡದ ಕ್ಲಚ್

ದಿನಾ ಬೆಳಿಗ್ಗೆ ನನ್ನ ಗಂಡ ನನ್ನನ್ನು ಬೈಕಿನಲ್ಲಿ ಲಕ್ಷ್ಮೇಶ್ವರದಿಂದ ಶಿಗ್ಲಿಗೆ ಬಿಟ್ಟು ಬರುತ್ತಿದ್ದರು. ನಾನು ಅಲ್ಲಿಯ ಶಾಲೆಯಲ್ಲಿ ಕಲಿಸುತ್ತೇನೆ. ಅವರದು ಬಜಾರಿನಲ್ಲಿ ಬಟ್ಟೆ ಅಂಗಡಿ. ನನ್ನನ್ನು ಇಳಿಸಿ ಹಿಂದಿರುಗಿ ಅಂಗಡಿಯ ಬಾಗಿಲು ತೆಗೆದರೆ ಅವರ ದಿನ ಶುರು. ಅವರು ಓಡಿಸುತ್ತಿದ್ದಾರೆಂದರೆ ನನಗೆ ಹೆದರಿಕೆ ಎಂಬುದೇ ಇರಲಿಲ್ಲ. ಬೆನ್ನಿಗೆ ಒರಗಿ ತೂಕಡಿಸಿದ್ದೂ ಉಂಟು.

ಹತ್ತಿ ಬಿಡಿಸುವ ದಿನಗಳಲ್ಲಿ ಗಾಡಿಯ ನಡತೆ ಬದಲಾಯಿತು. ಒಂದನೇ ಗೇರು ಹಾಕಿದರೆ ಕಬ್ಬಿಣಕ್ಕೆ ಕಬ್ಬಿಣ ಬಡಿದಂತೆ ‘ಕಟಕ್’ ಎಂದು ಸೀಟಿನವರೆಗೂ ಏಟು ಬರುತ್ತಿತ್ತು. ನಿಂತಾಗ ನ್ಯೂಟ್ರಲ್ ಸಿಗುತ್ತಿರಲಿಲ್ಲ. ಅವರು ಗೇರನ್ನು ಮೇಲೆ ಕೆಳಗೆ ಒದೆಯುತ್ತಲೇ ಇರುತ್ತಿದ್ದರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಕ್ಲಚ್ ಹಿಡಿದು ನಿಂತಿದ್ದರೂ ಗಾಡಿ ಮುಂದಕ್ಕೆ ಜಗ್ಗುತ್ತಿತ್ತು. ಕ್ಲಚ್ ಹಿಡಿದರೆ ಎಂಜಿನ್ನಿಗೂ ಗಾಲಿಗೂ ನಡುವಿನ ಸಂಬಂಧ ತಪ್ಪಬೇಕು. ನಮ್ಮ ಗಾಡಿಯಲ್ಲಿ ಅದು ತಪ್ಪುತ್ತಿರಲಿಲ್ಲ.

“ಗ್ಯಾರೇಜ್ ಮಿಸ್ತ್ರಿಗೆ ತೋರಸ್ರಿ,” ಎಂದೆ.

“ಹಳೇ ಗಾಡಿ. ಹಂಗ ಇರತೈತಿ,” ಎಂದು ಮಾತು ತೇಲಿಸಿದರು.

ಒಂದು ಭಾನುವಾರ ಶಿರಹಟ್ಟಿಯಲ್ಲಿರುವ ನನ್ನ ತಂಗಿಯ ಮನೆಗೆ ಹೊರಟಿದ್ದೆವು. ಮುಂದೆ ಹತ್ತಿ ತುಂಬಿದ ಟ್ರ್ಯಾಕ್ಟರ್ ಹೋಗುತ್ತಿತ್ತು. ಕುರಿಹಿಂಡೊಂದು ರಸ್ತೆ ದಾಟಲು ಬಂದದ್ದರಿಂದ ಅದು ನಿಂತಿತು, ಅದರ ಟ್ರೇಲರಿನ ಹಿಂದೆ ನಾವೂ ನಿಂತೆವು. ಕ್ಲಚ್ ಹಿಡಿದಿದ್ದರೂ ಗಾಡಿ ಜಗ್ಗುತ್ತಿರುವುದು ನನಗೆ ತಿಳಿಯುತ್ತಿತ್ತು. ಬ್ರೇಕಿನ ಮೇಲಿದ್ದ ಅವರ ಬಲಗಾಲಿನಿಂದಾಗಿ ಮಾತ್ರ ಅದು ನಿಂತಿತ್ತು. ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯಿತು. ಅವರು ಹೊರಳಿ ನೋಡುತ್ತ ಆ ಕಾಲನ್ನು ನೆಲಕ್ಕೆ ಊರಿದರು. ಅಷ್ಟೇ. ಗಾಡಿ ಜಿಗಿಯಿತು.

ಟ್ರೇಲರಿನ ಕಬ್ಬಿಣದ ಅಂಚು ಅವರ ಮುಖದ ನೇರಕ್ಕೆ ಬಂತು. ನಾನು ಎರಡೂ ಕೈಯಿಂದ ಅವರ ಅಂಗಿ ಹಿಡಿದು ಹಿಂದಕ್ಕೆಳೆದೆ. ಏನೋ ಒದರಿದೆ, ಏನೆಂದು ಈಗ ನೆನಪಿಲ್ಲ. ಅಂಚು ಹೆಲ್ಮೆಟ್ಟಿಗೆ ಬಡಿಯಿತು, ಹ್ಯಾಂಡಲ್ ತಿರುಗಿತು, ಇಬ್ಬರೂ ಎಡಕ್ಕೆ ಬಿದ್ದೆವು. ಎಂಜಿನ್ ತಾನಾಗಿಯೇ ಬಂದ್ ಆಯಿತು.

ಟ್ರ್ಯಾಕ್ಟರಿನವನು ಇಳಿದು ಓಡಿಬಂದ. “ಏನ್ರೀ ಯಜಮಾನ್ರ, ಇಷ್ಟ ದೊಡ್ಡ ಗಾಡಿ ಕಣ್ಣಿಗೆ ಕಾಣಲಿಲ್ಲೇನ್ರಿ?”

“ಕ್ಲಚ್ ಹಿಡದ್ರೂ ಬಿಡವಲ್ದಪಾ,” ಎಂದರು ನನ್ನ ಗಂಡ. ಅವರ ತುಟಿ ಬೆಳ್ಳಗಾಗಿತ್ತು. ಹೆಲ್ಮೆಟ್ಟಿನ ಮೇಲೆ ಹಣೆಯಿಂದ ಕಿವಿಯವರೆಗೆ ಗೆರೆ ಬಿದ್ದಿತ್ತು. ಆ ಗೆರೆಯ ಮೇಲೆ ಬೆರಳಾಡಿಸಿದೆ. ತಂಗಿಯ ಮನೆಗೆ ಹೋಗಲಿಲ್ಲ.

ಮರುದಿನ ನಾನೇ ಬೆನ್ನುಹತ್ತಿ ಗ್ಯಾರೇಜಿಗೆ ಕರೆದುಕೊಂಡು ಹೋದೆ. ಮಿಸ್ತ್ರಿ ಹ್ಯಾಂಡಲಿನ ಎಡಗಡೆಯ ಕ್ಲಚ್ ಹಿಡಿಯನ್ನು ಒತ್ತಿ ಒತ್ತಿ ನೋಡಿದ.

“ಕ್ಲಚ್ ವಾಯರ್ ಭಾಳ ಸಡಲ ಐತ್ರಿ ಅಕ್ಕಾರ. ನೀವು ಪೂರಾ ಹಿಡದ್ರೂ ಒಳಗಿನ ಪ್ಲೇಟ್ ಅರ್ಧಾನ ಬಿಡತಾವು. ಅದಕ್ಕ ಗೇರ್ ಹಂಗ ಒದೀತಾವು.”

ಹಿಡಿಯ ಬುಡದಲ್ಲಿರುವ ಸಣ್ಣ ನಟ್ಟನ್ನು ತಿರುವಿ ವಾಯರ್ ಬಿಗಿಮಾಡಿದ. ಗೇರು ಬೆಣ್ಣೆಯಲ್ಲಿ ಇಳಿದಂತೆ ಬೀಳತೊಡಗಿತು. ನಿಟ್ಟುಸಿರು ಬಿಟ್ಟೆ.

ವಾರ ಕಳೆಯುವುದರೊಳಗೆ ಮತ್ತೆ ಅದೇ ಏಟು, ಅದೇ ಜಗ್ಗುವಿಕೆ. ಈ ಸಲ ಮಿಸ್ತ್ರಿ ಆಯಿಲ್ ಮೇಲೆ ಸಂಶಯಪಟ್ಟು ಅದನ್ನು ಬದಲಿಸಿದ. ಎಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿ ಕ್ಲಚ್ ಪ್ಲೇಟುಗಳನ್ನು ಹೊರತೆಗೆದ. ಕೆಲವು ಕಾದು ನೀಲಿಗಟ್ಟಿ ಡೊಂಕಾಗಿದ್ದವು. ಹೊಸವನ್ನು ಹಾಕಿದ, ವಾಯರನ್ನೂ ಮತ್ತೆ ಬಿಗಿಮಾಡಿದ. ಗಾಡಿ ಸರಿಹೋಯಿತು. ಕೆಲವು ದಿನಕ್ಕೆ ಮತ್ತೆ ಕೆಟ್ಟಿತು.

ಅವನಿಗೆ ಸಿಟ್ಟು ಬಂತು. “ನನ್ನ ಕೆಲಸದಾಗ ತಪ್ಪಿದ್ರ ಹೇಳ್ರಿ, ಒಪ್ಪತೀನಿ. ಆದ್ರ ನಾ ಬಿಗಿ ಮಾಡಿದ್ದ ನಟ್ ಯಾರೋ ತಿರುವ್ಯಾರ್ರಿ.”

“ಬಜಾರದಾಗ ಯಾರರ ಕೈ ಆಡಿಸಿರಬೇಕು ಬಿಡು,” ಎಂದು ನನ್ನ ಗಂಡ ಆಚೆ ನೋಡಿದರು.

ಆ ಮಾತು ನನ್ನನ್ನು ಕಂಗೆಡಿಸಿತು. ಗಾಡಿ ಹಳೆಯದಾದದ್ದಕ್ಕೆ ಹೆದರುವುದು ಬೇರೆ, ಯಾರೋ ಬೇಕೆಂದೇ ಕೆಡಿಸುತ್ತಿದ್ದಾರೆ ಎಂದು ಹೆದರುವುದು ಬೇರೆ. ಅಂಗಡಿಯ ಅಕ್ಕಪಕ್ಕದವರ ಮುಖಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ನಮಸ್ಕಾರ ಎಂದವರನ್ನೂ ಅನುಮಾನದಿಂದ ನೋಡಿದೆ. ಶಿಗ್ಲಿಯ ದಾರಿಯಲ್ಲಿ ಮುಂದೆ ಬಸ್ಸು ಕಂಡರೆ ಸಾಕು, ನನ್ನ ಬೆರಳುಗಳು ಅವರ ಹೆಗಲಿಗೆ ಕಚ್ಚಿಕೊಳ್ಳುತ್ತಿದ್ದವು. ಊರು ಬರುವ ಮೊದಲೇ ಏನಾದರೂ ನೆಪ ಹೇಳಿ ಇಳಿದು ನಡೆಯುತ್ತಿದ್ದೆ.

ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ಅಡುಗೆಮನೆಯ ಕಿಟಕಿಯಿಂದ ಅಂಗಳ ನೋಡಿದೆ. ನನ್ನ ಗಂಡ ಬೈಕಿನ ಹ್ಯಾಂಡಲಿಗೆ ಬಾಗಿ ನಿಂತು ಬಲಗೈಯಿಂದ ಏನನ್ನೋ ತಿರುವುತ್ತಿದ್ದರು. ಎಡಗೈ ಸೀಟಿನ ಮೇಲೆ ಸುಮ್ಮನೆ ಬಿದ್ದಿತ್ತು. ಹಿಟ್ಟಿನ ಕೈಯಲ್ಲೇ ಹೊರಗೆ ಹೋದೆ.

“ಏನ್ ಮಾಡಾಕತ್ತೀರಿ?”

ಅವರ ಕೈಯಿಂದ ನಟ್ಟು ಬಿಚ್ಚುವ ಪಾನಾ ಜಾರಿ ಕಲ್ಲಿನ ಮೇಲೆ ಬಿತ್ತು. ಅವರು ತಿರುವುತ್ತಿದ್ದದ್ದು ಅದೇ ನಟ್ಟು.

“ನೀವ ಸಡಲ ಮಾಡತಿದ್ರೇನು? ಸಾಯೂದಿತ್ತಲ್ರೀ ಅವತ್ತ!”

ಅವರು ಬಾಗಿ ಪಾನಾ ಎತ್ತಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, “ಬಿಗಿ ಇದ್ರ ಹಿಡಿಯಾಕ ಆಗವಲ್ದು,” ಎಂದರು.

“ಯಾಕ ಆಗವಲ್ದು?”

ಎಡಗೈ ಮುಂದೆ ಚಾಚಿದರು. ಹೆಬ್ಬೆರಳು ತೋರುಬೆರಳಿನ ನಡುವೆ ತುಂಬಿಕೊಂಡಿರಬೇಕಾದ ಮಾಂಸ ಇಳಿದು ಗುಳಿ ಬಿದ್ದಿತ್ತು. ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಅರ್ಧ ಮಡಚಿದಂತೆ ನಿಂತಿದ್ದವು. “ನೆಟ್ಟಗ ಮಾಡ್ರಿ,” ಎಂದೆ. ಪ್ರಯತ್ನಿಸಿದರು. ಆಗಲಿಲ್ಲ. ವಾಯರ್ ಸಡಿಲ ಬಿಟ್ಟರೆ ಹಿಡಿ ಹಗುರವಾಗುತ್ತಿತ್ತು, ಆದ್ದರಿಂದ ಸಡಿಲ ಮಾಡುತ್ತಿದ್ದರು. ಕ್ಲಚ್ ಪೂರ್ತಿ ಬಿಡುವುದಿಲ್ಲವೆಂದು ಗೊತ್ತಿದ್ದರೂ ಮಾಡುತ್ತಿದ್ದರು.

“ನಮ್ಮ ದೊಡ್ಡಪ್ಪಗೂ ಕೈಯಿಂದನ ಶುರು ಆಗಿತ್ತು,” ಎಂದರು.

ನಾನು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತೆ. ಡೋಣಿ ಊರಿನಲ್ಲಿದ್ದ ಅವರ ದೊಡ್ಡಪ್ಪನನ್ನು ಮದುವೆಯಾದ ಹೊಸದರಲ್ಲಿ ನೋಡಿದ್ದೆ. ಮೊದಲು ಅಂಗೈ ಒಣಗಿ, ಆಮೇಲೆ ಕಾಲು ಸೋತು, ಕೊನೆಗೆ ನಾಲಿಗೆಯೂ ಮಾತು ಕೇಳದಂತಾಗಿತ್ತು. ನಾನೇ ಚಮಚದಿಂದ ಅಂಬಲಿ ಕುಡಿಸಿದ್ದೆ; ಅರ್ಧ ಗದ್ದದ ಮೇಲೆ ಹರಿಯುತ್ತಿತ್ತು. ಕಣ್ಣು ಮಾತ್ರ ಕಡೆಯವರೆಗೂ ಎಲ್ಲವನ್ನೂ ನೋಡುತ್ತಿತ್ತು. ಆ ಬೇನೆಗೆ ಔಷಧವಿಲ್ಲವೆಂದು ಮನೆಯವರಿಗೆಲ್ಲ ಗೊತ್ತಿತ್ತು.

ಒಳಗೆ ಹಂಚಿನ ಮೇಲಿನ ರೊಟ್ಟಿ ಕರಕಲಾದ ವಾಸನೆ ಬಂತು. ಇಬ್ಬರೂ ಏಳಲಿಲ್ಲ.

ಗದಗಿಗೆ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವರು ಆ ಕೈಯನ್ನು ಚೀಲದ ಕೆಳಗೆ ಮುಚ್ಚಿಟ್ಟುಕೊಂಡಿದ್ದರು. ನಾನು ಕಿಟಕಿಯಾಚೆ ನೋಡುತ್ತಿದ್ದೆ, ಏನೂ ಕಾಣುತ್ತಿರಲಿಲ್ಲ. ಅವರ ಬಾಯಿಗೆ ಚಮಚ ಹಿಡಿಯುವ ನನ್ನ ಕೈಯೊಂದೇ ಕಾಣುತ್ತಿತ್ತು.

ನರಗಳ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ದೊಡ್ಡಪ್ಪನ ಕಥೆಯನ್ನು ಪೂರ್ತಿ ಕೇಳಿಸಿಕೊಂಡಳು.

“ಬೆರಳ ಜುಮ್ ಅಂತಾವೇನ್ರಿ?”

“ಈ ಎರಡು ಅಂತಾವ್ರಿ. ಕೆಲವೊಮ್ಮೆ ಮುಟ್ಟಿದ್ರೂ ತಿಳಿಯಂಗಿಲ್ಲ.”

“ಅಂಗಡ್ಯಾಗ ಹೆಂಗ ಕುಂಡ್ರತೀರಿ, ತೋರಸ್ರಿ.”

ಅವರು ಎಡಮೊಣಕೈಯನ್ನು ಮೇಜಿನ ಅಂಚಿಗೆ ಊರಿ, ಫೋನ್ ಹಿಡಿದವರಂತೆ ಅಂಗೈಯನ್ನು ಕಿವಿಗೆ ಹಚ್ಚಿದರು. ಡಾಕ್ಟರು ಮೊಣಕೈಯ ಒಳಬದಿಯ ಎಲುಬಿನ ಹಿಂದೆ ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಅವರು ಕುರ್ಚಿಯಿಂದ ಜಿಗಿದರು.

“ನರ ಇಲ್ಲೆ ಒತ್ತಿರಬೇಕು. ನಿಮ್ಮ ದೊಡ್ಡಪ್ಪನ ಬ್ಯಾನಿ ಅಲ್ಲಂತ ನನಗ ಅನಸತೈತಿ. ಆದ್ರ ಪರೀಕ್ಷೆ ಮಾಡದ ಹೇಳಂಗಿಲ್ಲ.”

ಅವರನ್ನು ಒಳಗೆ ಕರೆದೊಯ್ದು ಬಾಗಿಲು ಮುಚ್ಚಿದರು. ಕೈಗೆ ಕರೆಂಟು ಕೊಟ್ಟು ನರ ನೋಡುವ ಪರೀಕ್ಷೆಯಂತೆ. ಹೊರಗಿನ ಬೆಂಚಿನಲ್ಲಿ ಕಾಯುತ್ತ ಸೆರಗಿನ ಅಂಚನ್ನು ಸುತ್ತಿ ಬಿಚ್ಚಿ ಸುಕ್ಕುಮಾಡಿದೆ. ಡಾಕ್ಟರು ಹೇಳಿದ ಸಮಾಧಾನ ಕಿವಿಯಲ್ಲಿತ್ತು, ಎದೆಗೆ ಇಳಿದಿರಲಿಲ್ಲ. ಒಳಗಿನಿಂದ ಅವರು ‘ಹಾ’ ಎಂದದ್ದು ಕೇಳಿಸಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ.

ಬಾಗಿಲು ತೆರೆದು ಅವರೇ ಮೊದಲು ಹೊರಗೆ ಬಂದರು. “ಮೊಣಕೈದಾಗ ಅಂತ,” ಎಂದರು. “ಬರೇ ಮೊಣಕೈದಾಗ.” ಆ ಮಾತು ಮುಗಿಸುವುದರೊಳಗೆ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟರು. ಅವರ ತಾಯಿ ಹೋದಾಗಲೂ ಅವರು ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ.

ಮೊಣಕೈಯಲ್ಲಿ ಸಣ್ಣ ಆಪರೇಷನ್ ಆಯಿತು. ಹೋದ ಶಕ್ತಿ ಎಷ್ಟು ಮರಳುತ್ತದೆ ಎಂದು ಕೇಳಿದ್ದಕ್ಕೆ, “ಭಾಳ ದಿನ ತಗೊಂತೈತಿ, ಪೂರಾ ಬರತೈತಂತ ಮಾತು ಕೊಡಂಗಿಲ್ಲ,” ಎಂದಳು ಡಾಕ್ಟರು. ಗಾಡಿ ಓಡಿಸಕೂಡದೆಂದೂ ಹೇಳಿದಳು.

ಹಾಗಾಗಿ ನಾನು ಕಲಿತೆ. ಮಿಸ್ತ್ರಿಗೆ ನಡೆದದ್ದನ್ನೆಲ್ಲ ಹೇಳಿದಾಗ ಅವನ ಸಿಟ್ಟು ಇಳಿಯಿತು. ಹೊಸ ವಾಯರ್ ಹಾಕಿ, ಅದರೊಳಗೆ ಎಣ್ಣೆ ಬಿಟ್ಟು, ಹಿಡಿಯಲ್ಲಿ ತುಸುವೇ ಆಟ, ಅಂದರೆ ಸಡಿಲು, ಇರುವಂತೆ ಕೂಡಿಸಿದ. ಆಟ ಹೆಚ್ಚಾದರೆ ಕ್ಲಚ್ ಬಿಡುವುದಿಲ್ಲ, ಪೂರ್ತಿ ಇಲ್ಲದಿದ್ದರೆ ಜಾರುತ್ತದೆ ಎಂದು ತೋರಿಸಿ, “ಈಗ ನೀವ ತಿರುವ್ರಿ ಅಕ್ಕಾರ,” ಎಂದು ಪಾನಾ ಕೊಟ್ಟ. ಶೇಂಗಾ ಕಿತ್ತು ಖಾಲಿ ಬಿದ್ದಿದ್ದ ಹೊಲವೊಂದರಲ್ಲಿ ರೂಢಿಮಾಡಿದೆ. ಗಾಡಿ ಬಂದ್ ಆಗಿ ನಿಂತಾಗಲೆಲ್ಲ ಟ್ರೇಲರಿನ ಅಂಚು ಕಣ್ಣಿಗೆ ಬರುತ್ತಿತ್ತು. ಲೈಸೆನ್ಸ್ ಕೈಗೆ ಬಂದ ಮೇಲೆ ಅವರನ್ನು ಹಿಂದೆ ಕೂಡಿಸಿಕೊಂಡು ಅಂಗಡಿಗೆ ಬಿಟ್ಟೆ. ಬಜಾರಿನ ಜನ ನಿಂತು ನೋಡಿದರು. ಅವರು ನನ್ನ ಹೆಗಲನ್ನು ಎಷ್ಟು ಗಟ್ಟಿ ಹಿಡಿದಿದ್ದರೆಂದರೆ, “ಸ್ವಲ್ಪ ಸಡಲ ಬಿಡ್ರಿ,” ಎಂದೆ.

“ಅಂಜಿಕಿ ಬರತೈತಿ,” ಎಂದರು.

ಈಗ ಅವರ ಕೈಯ ಗುಳಿ ಅರ್ಧ ತುಂಬಿದೆ. ಕಿರುಬೆರಳು ಇನ್ನೂ ಜುಮ್ಮೆನ್ನುತ್ತದಂತೆ. ಅಂಗಡಿಯ ಮೇಜಿನ ಅಂಚಿಗೆ ಮೆತ್ತೆ ಕಟ್ಟಿದ್ದೇನೆ. ದಿನಾ ಬೆಳಿಗ್ಗೆ ಅವರು ಅಂಗಿಯ ಗುಂಡಿ ಹಾಕಿಕೊಳ್ಳುವಾಗ ನಾನು ಬೇರೆ ಕೆಲಸ ಮಾಡುವವಳಂತೆ ಅಲ್ಲೇ ನಿಲ್ಲುತ್ತೇನೆ. ಕೊನೆಯ ಗುಂಡಿ ತೂತಿಗೆ ಸೇರುವವರೆಗೆ ಉಸಿರಾಡುವುದಿಲ್ಲ.