ಗಂಗುಲಮ್ಮ ನಡೆದು ತೋರಿಸಿದ್ದು

ಶಿಡ್ಲಘಟ್ಟದಿಂದ ಮೂರು ಮೈಲಿ ಆಚೆಯ ಹಳ್ಳಿಯಲ್ಲಿ ಕೋನಪ್ಪನ ಮಗಳು ಗಂಗುಲಮ್ಮ ಹುಣಸೆಮರದಿಂದ ಬಿದ್ದದ್ದು ೧೯೮೨ರಲ್ಲಿ. ಆಗ ಅವಳಿಗೆ ಹದಿಮೂರು ವರ್ಷ. ಗಂಡಸರು ಕೆಳಗಿನಿಂದ ಗಳುವಿನಲ್ಲಿ ಎಷ್ಟು ಬಡಿದರೂ ತುದಿಕೊಂಬೆಯ ಹಣ್ಣು ಉದುರಲಿಲ್ಲ. ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿದವರ ಹಾಗೆ ಲಂಗ ಎತ್ತಿಕಟ್ಟಿ ಹತ್ತಿಯೇಬಿಟ್ಟಳು. ಕೊಂಬೆ ಲಟಕ್ಕೆಂದಿತು. ನೆಲಕ್ಕೆ ಬಿದ್ದಾಗ ಎಡಗಾಲಿನೊಳಗೂ ಅಂಥದೇ ಸದ್ದಾಯಿತು.

ಪಕ್ಕದೂರಿನ ನಾಟಿ ವೈದ್ಯ ಬಂದು ಮೊಟ್ಟೆಯ ಬಿಳಿ ಹಚ್ಚಿ, ಬಿದಿರುದಬ್ಬೆ ಕಟ್ಟಿಹೋದ. ನಲವತ್ತೈದು ದಿನ ಹುಡುಗಿ ಜಂತೆ ಎಣಿಸುತ್ತ ಮಲಗಿದಳು. ಕಟ್ಟು ಬಿಚ್ಚಿದಾಗ ಎಡಗಾಲು ಎರಡು ಬೆರಳಷ್ಟು ಗಿಡ್ಡವಾಗಿತ್ತು, ಪಾದ ಆಚೆಗೆ ಹೊರಳಿತ್ತು. ಪಟ್ಟಣದ ಡಾಕ್ಟರು ನೋಡಿ, ಮತ್ತೆ ಮುರಿದು ಸರಿಯಾಗಿ ಕೂರಿಸಬಹುದು, ಮೂರು ತಿಂಗಳು ಮಲಗಬೇಕಾಗುತ್ತದೆ ಎಂದರು. ಕೋನಪ್ಪ ಒಪ್ಪಿದ. ಮಗಳು ಒಪ್ಪಲಿಲ್ಲ.

"ಇನ್ನೊಂದ್ಸಲ ಮುರಿಯಕ್ಕೆ ನನ್ ಕಾಲೇನು ಸೌದೆನಾ? ಹಿಂಗೇ ನಡೀತೀನಿ. ನಡಿಯಪ್ಪ ಮನೆಗೆ."

ಹೇಳಿದಷ್ಟು ಸುಲಭವಾಗಿರಲಿಲ್ಲ ಆ ನಡಿಗೆ. ಪ್ರತಿ ಹೆಜ್ಜೆಗೂ ಸೊಂಟ ಎಡಕ್ಕೆ ಕುಸಿದು, ಮತ್ತೆ ಎದ್ದು ಬರಬೇಕಿತ್ತು. ಹಿಪ್ಪುನೇರಳೆ ಸೊಪ್ಪಿನ ಹೊರೆ ತಲೆಯ ಮೇಲಿದ್ದರೆ ಹೊರೆಯೂ ಅವಳ ಜೊತೆ ಕುಸಿಯುತ್ತಿತ್ತು. ಕೆರೆ ಏರಿಯ ಇಳಿಜಾರಿಗೆ ಅಡ್ಡವಾಗಿ ತೋಟಕ್ಕೆ ಹೋಗುವಾಗ ಗಿಡ್ಡಕಾಲು ಮೇಲ್ಮಗ್ಗುಲಿಗೆ ಬಿದ್ದು ಅವಳು ಎಲ್ಲರ ಹಾಗೆ ನೆಟ್ಟಗೆ ನಡೆಯುತ್ತಿದ್ದಳು. ಅದೇ ದಾರಿಯಲ್ಲಿ ವಾಪಸು ಬರುವಾಗ ಕಾಲು ತಗ್ಗಿಗೆ ಬಂದು ಕುಂಟು ಎರಡರಷ್ಟಾಗುತ್ತಿತ್ತು. ಚಳಿಗಾಲದ ಬೆಳಗಿನಲ್ಲಿ ಮೂಳೆ ಕೂಡಿದ ಜಾಗ ಹಲ್ಲುನೋವಿನಂತೆ ನೋಯುತ್ತಿತ್ತು. ಶಿಡ್ಲಘಟ್ಟದ ಚಮ್ಮಾರನೊಬ್ಬ ಟೈರಿನ ತುಂಡುಗಳನ್ನು ಒಂದರ ಮೇಲೊಂದು ಹೊಲಿದು ಎಡಗಾಲಿಗೆ ಎತ್ತರದ ಮೆಟ್ಟು ಮಾಡಿಕೊಟ್ಟ ಮೇಲೆ ಸೊಂಟದ ನೋವು ಎಷ್ಟೋ ತಗ್ಗಿತು. ಆ ಮೆಟ್ಟನ್ನು ಮನೆಯೊಳಗೆ ಬಚ್ಚಿಡು ಎಂದು ಸೋದರತ್ತೆ ಅಕ್ಕಯಮ್ಮ ಹೇಳುತ್ತಿದ್ದಳು. ಗಂಗುಲಮ್ಮ ಅದನ್ನು ಬಾಗಿಲ ಮುಂದೆಯೇ ಬಿಡುತ್ತಿದ್ದಳು.

ತಾಯಿಯಿಲ್ಲದ ಹುಡುಗಿಯನ್ನು ಸಾಕಿದ್ದು ಈ ಅಕ್ಕಯಮ್ಮನೇ. ೧೯೮೯ರಲ್ಲಿ ಚಿಂತಾಮಣಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಹೆಸರು ಚನ್ನಕೇಶವ, ರೇಷ್ಮೆ ಹುಳು ಸಾಕುವ ಮನೆ. ನೆಂಟರು ಬರುವ ಮುಂಚೆಯೇ ಅಕ್ಕಯಮ್ಮ ಹುಡುಗಿಯನ್ನು ಚಾಪೆಯ ಮೇಲೆ ಕೂರಿಸಿ, ಪಾದ ಕಾಣದಂತೆ ನೆರಿಗೆ ಹರವಿ, "ಅವ್ರು ಹೋಗೋಗಂಟ ಏಳ್ಬೇಡ ನನ್ ತಲ್ಲಿ, ಕಾಫಿ ನಾನೇ ಕೊಡ್ತೀನಿ" ಎಂದು ಬೇಡಿಕೊಂಡಳು.

ಕಾಫಿಯಾಯಿತು. ಹುಡುಗನ ತಾಯಿ ಓಬಳಮ್ಮ ಲೋಟ ಕೆಳಗಿಟ್ಟು, "ಏಮಮ್ಮಾ, ಒಂದ್ನಾಕು ಹೆಜ್ಜೆ ನಡಿ ನೋಡಣ" ಎಂದಳು.

"ನಿನ್ನೆ ನೀರು ತರಕ್ಕೆ ಹೋಗಿ ಕಾಲು ಉಳುಕೈತೆ" ಎಂದಳು ಅಕ್ಕಯಮ್ಮ ಥಟ್ಟನೆ.

ಗಂಗುಲಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಏಳು ವರ್ಷ ತನ್ನನ್ನು ಹೊತ್ತು ತಿರುಗಿದ ಕಾಲನ್ನು ಹೀಗೆ ಕಳ್ಳಮಾಲಿನಂತೆ ಸೀರೆಯಡಿ ಮುಚ್ಚಿಟ್ಟುಕೊಂಡು ಕೂತಿದ್ದೇನಲ್ಲ ಅನ್ನಿಸಿತು. ಗೋಡೆ ಹಿಡಿಯದೆ ಎದ್ದು ನಿಂತಳು.

"ಉಳುಕಿಲ್ಲ. ಮುರ್ದಿದ್ದು, ಮರದಿಂದ ಬಿದ್ದು. ಸೊಟ್ಟಗೆ ಕೂಡ್ಕೊಂಡೈತೆ. ನೋಡ್ಕೊಳಿ."

ಹೊಸ್ತಿಲು ದಾಟಿದಳು. ಅಂಗಳದ ಕೊನೆಯ ಕಲ್ಲುಬಾನಿಯವರೆಗೆ ನಡೆದು, ತಿರುಗಿ ಬಂದಳು. ಬೇಗ ಬೇಗ ನಡೆದು ಮುಗಿಸಲಿಲ್ಲ. ಸೊಂಟ ಎಷ್ಟು ಕುಸಿಯಬೇಕೋ ಅಷ್ಟು ಕುಸಿಯಲು ಬಿಟ್ಟಳು. ಬೇಲಿಯಾಚೆ ನಿಂತಿದ್ದ ಹೆಂಗಸರೂ ನೋಡಿದರು. ಬಂದವಳು ಕೂರದೆ ಓಬಳಮ್ಮನ ಎದುರು ನಿಂತಳು.

"ನನ್ ನಡಿಗೆ ನೋಡಿದ್ರಲ್ಲ, ಈಗ ನಿಮ್ ಹುಡುಗ ನಡೀಲಿ. ನಾನೂ ನೋಡ್ಬೇಕು."

ಕೋನಪ್ಪ ತಲೆ ತಗ್ಗಿಸಿದ. ಅಷ್ಟರಲ್ಲಿ ಚನ್ನಕೇಶವ ಪಂಚೆ ಸರಿಮಾಡಿಕೊಂಡು ಎದ್ದ. "ಕೂತ್ಕೊಳೋ!" ಎಂದು ತಾಯಿ ಗದರಿದರೂ ಅವನು ಅಂಗಳಕ್ಕಿಳಿದು, ಅದೇ ಕಲ್ಲುಬಾನಿ ಮುಟ್ಟಿ ಬಂದ. ಅಷ್ಟು ಜನ ನೋಡುತ್ತಿದ್ದಾರೆಂಬ ನಾಚಿಕೆಗೆ ಅರ್ಧದಾರಿಯಲ್ಲಿ ಅವನ ಕೈಗಳು ಹೇಗೆ ಬೀಸಬೇಕೆಂಬುದನ್ನೇ ಮರೆತಿದ್ದವು.

"ಪಾದ ಒಳಕ್ಕೆ ಹಾಕ್ತೀರ. ಪರ್ವಾಗಿಲ್ಲ" ಎಂದಳು ಗಂಗುಲಮ್ಮ.

ಓಬಳಮ್ಮ ತಾಂಬೂಲವನ್ನೂ ಮುಟ್ಟದೆ ಹೊರಟಳು. ಬಂದವರು ಮರೆಯಾದದ್ದೇ ಅಕ್ಕಯಮ್ಮ ಕೆನ್ನೆಗೊಂದು ಬಿಟ್ಟು, ಆಮೇಲೆ ತಾನೇ ಕೂತು ಅತ್ತಳು. "ನಿನ್ನ ಯಾರು ಮಾಡ್ಕೊಂತಾರೆ?" ಎಂದಳು. "ಯಾರೂ ಬೇಡ" ಎಂದಳು ಹುಡುಗಿ. ಹಾಗೆಂದರೂ ಆ ವಾರವೆಲ್ಲ ಸೊಪ್ಪು ಕೊಯ್ಯುವಾಗ, ಅಂಗಳದಲ್ಲಿ ಕೈ ಬೀಸಲು ಮರೆತವನು ನೆನಪಾಗಿ ನಗು ಬರುತ್ತಿತ್ತು.

ತಿಂಗಳು ಕಳೆದ ಮೇಲೆ ಚನ್ನಕೇಶವನ ದೊಡ್ಡಪ್ಪ ಒಬ್ಬನೇ ಬಂದ. ಹುಡುಗ ಆ ಹುಡುಗಿಯೇ ಆಗಬೇಕು ಎಂದು ಕೂತಿದ್ದಾನೆ, ತಾಯಿಗೂ ಅವನಿಗೂ ಮಾತಿಲ್ಲ ಎಂದ. ಮದುವೆಯಾಯಿತು. ಮನೆದುಂಬುವ ದಿನ ತಮ್ಮೂರವರಿಗೆ ಸೊಸೆಯ ಕುಂಟು ಕಾಣಬಾರದೆಂದು ಓಬಳಮ್ಮ ಬಾಡಿಗೆ ಕಾರನ್ನು ಬಾಗಿಲವರೆಗೂ ತರಿಸಿದ್ದಳು. ಊರ ಮುಂದಿನ ಅರಳಿಕಟ್ಟೆಯ ಬಳಿಯೇ ಗಂಗುಲಮ್ಮ ಕಾರು ನಿಲ್ಲಿಸಿ ಇಳಿದಳು. ಚನ್ನಕೇಶವನೂ ಇಳಿದ. ಆವತ್ತು ಊರು ಅವಳನ್ನು ಕಣ್ತುಂಬ ನೋಡಿ ಮುಗಿಸಿತು.

ಓಬಳಮ್ಮ ಕೆಟ್ಟವಳಲ್ಲ, ಜನದ ಮಾತಿಗೆ ಹೆದರುವವಳು. ಹುಳುಗಳಿಗೆ ಸೊಪ್ಪು ಹಾಕುವುದರಲ್ಲಿ ಸೊಸೆಯ ಕೈ ಎಷ್ಟು ಚುರುಕು ಎಂದು ಕಂಡ ಮೇಲೆ ಮೆತ್ತಗಾದಳು. ೧೯೯೧ರಲ್ಲಿ ಮೊಮ್ಮಗಳು ಆದಿಲಕ್ಷ್ಮಿ ಹುಟ್ಟಿದಾಗ ಮೊದಲು ನೋಡಿದ್ದು ಮಗುವಿನ ಕಾಲುಗಳನ್ನೇ. ಎರಡೂ ಸರಿಯಾಗಿದ್ದವು. ಆದರೆ ವರ್ಷ ತುಂಬಿ ಮಗು ಹೆಜ್ಜೆಯಿಟ್ಟಾಗ ಅದೂ ಎಡಕ್ಕೆ ಕುಸಿದು ಕುಸಿದು ನಡೆಯಿತು!

ಓಬಳಮ್ಮ ಬಾಯಿ ಬಡಿದುಕೊಂಡು ಮಗುವನ್ನು ಚಿಂತಾಮಣಿಯ ಡಾಕ್ಟರ ಹತ್ತಿರ ಎತ್ತಿಕೊಂಡು ಓಡಿದಳು. ಅವರು ಕಾಲು ಅಳೆದು, ಮಡಿಸಿ, ನಕ್ಕರು. "ಮಗೂಗೆ ಏನೂ ಆಗಿಲ್ಲಮ್ಮ. ನಡಿಗೆ ಅಂದ್ರೆ ಹಿಂಗೇ ಅಂತ ತಾಯಿನ ನೋಡಿ ಕಲ್ತದೆ, ಅಷ್ಟೇ."

ಮನೆಗೆ ಬಂದ ಅತ್ತೆ ಮೆಲ್ಲಗೆ ಹೇಳಿದಳು: "ಮಗು ಎದ್ದಿರೋವಾಗ ನೀನು ನಡೀಬೇಡ ಕಣಮ್ಮ. ಕೂತೇ ಇರು."

ಎರಡು ದಿನ ಗಂಗುಲಮ್ಮ ಕೂತಳು. ಯಾರ ಮಾತಿಗೂ ಬಗ್ಗದವಳು ಮಗುವೂ ಕುಂಟೀತೆಂಬ ಭಯಕ್ಕೆ ಬಗ್ಗಿದಳು. ಮೂರನೇ ದಿನ ಮಗು ಅಂಗಳದ ತುದಿಯಲ್ಲಿ ನಿಂತು, ಬಾ ಎಂದು ಕೈಚಾಚಿ ಅತ್ತಿತು. ಇವಳು ಚಾಪೆಯ ಮೇಲೇ ಉಳಿದಳು. ಆಗ ತನ್ನ ಮೇಲೆ ಬಂದಷ್ಟು ಸಿಟ್ಟು ಅವಳಿಗೆ ಯಾರ ಮೇಲೂ ಬಂದಿರಲಿಲ್ಲ. ಎದ್ದಳು, ಮಗುವಿನ ಬೆರಳು ಹಿಡಿದಳು. "ಅವಳು ನೆಟ್ಟಗೆ ನಡೆಯೋದು ಅಪ್ಪನ್ನ ನೋಡಿ ಕಲೀಲಿ, ಎದ್ದು ನಡೆಯೋದು ನನ್ನ ನೋಡಿ ಕಲೀಲಿ" ಎಂದು ಅತ್ತೆಗೆ ಕೇಳುವಂತೆ ಹೇಳಿ ತೋಟದ ದಾರಿ ಹಿಡಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಮಗುವಿನ ಕುಂಟು ತಾನೇ ಮಾಯವಾಯಿತು.

ಬೆಳೆದ ಮಗಳು ಇನ್ನೊಂದು ತರಹ ನೋಯಿಸಿದಳು. ೧೯೯೮ರ ಸ್ವಾತಂತ್ರ್ಯ ದಿನಕ್ಕೆ ಶಾಲೆಯಲ್ಲಿ ತಾಯಂದಿರಿಗೆ ಚಮಚ-ನಿಂಬೆಹಣ್ಣಿನ ಓಟ ಇಟ್ಟಿದ್ದರು. ಏಳು ವರ್ಷದ ಆದಿಲಕ್ಷ್ಮಿ ಹಿಂದಿನ ದಿನ ಗೋಡೆ ಕೆರೆಯುತ್ತ, "ನೀನು ಬರ್ಬೇಡಮ್ಮ, ಅಪ್ಪ ಬರ್ಲಿ. ಎಲ್ರೂ ನನ್ನ ಕುಂಟಮ್ಮನ ಮಗಳು ಅಂತಾರೆ" ಎಂದಳು.

ಗಂಗುಲಮ್ಮ ಮಗಳ ಕೈಯನ್ನು ಗೋಡೆಯಿಂದ ಬಿಡಿಸಿದಳು. ಆಗಲೇ ಅವಳ ಬಲಮೊಣಕಾಲೂ ಸವೆಯತೊಡಗಿತ್ತು. ಇಷ್ಟು ವರ್ಷ ಎಡಗಾಲಿನ ಪಾಲನ್ನೂ ಹೊತ್ತಿದ್ದು ಅದೇ. ಹೋಗದಿರಲು ಅದೊಂದೇ ನೆಪ ಸಾಕಿತ್ತು. ಆದರೂ, "ಅನ್ಲಿ ಬಿಡು. ಹೌದು ಅನ್ನು" ಎಂದಳು.

ಬೆಳಿಗ್ಗೆ ಟೈರಿನ ಮೆಟ್ಟು ಹಾಕಿಕೊಂಡು ಹೋಗಿ ಗೆರೆಯ ಮೇಲೆ ನಿಂತಳು. ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ಮೇಷ್ಟ್ರು ಸೀಟಿ ಊದಿದರು. ನಾಲ್ಕನೇ ಹೆಜ್ಜೆಗೇ ನಿಂಬೆಹಣ್ಣು ಉರುಳಿತು. ಬಾಗಿ ಎತ್ತಿಕೊಂಡಳು. ಮತ್ತೆ ಬಿತ್ತು, ಮತ್ತೆ ಎತ್ತಿಕೊಂಡಳು. ಉಳಿದ ತಾಯಂದಿರೆಲ್ಲ ಗುರಿ ಮುಟ್ಟಿ ಏದುಸಿರು ಬಿಡುತ್ತಿದ್ದರು. ಮೇಷ್ಟ್ರು, "ಸಾಕು ಬಿಡಮ್ಮ, ಆಯ್ತು" ಎಂದರು. "ಎಲ್ಲಾಯ್ತು ಸಾರ್? ಇನ್ನೂ ಅರ್ಧ ಐತೆ" ಎಂದು ಚಮಚ ಕಚ್ಚಿಕೊಂಡಳು.

ಮೂರನೇ ಸಲ ಹಣ್ಣು ದೂರಕ್ಕೆ, ಮಕ್ಕಳ ಸಾಲಿನ ಕಡೆಗೆ ಉರುಳಿತು. ಅಷ್ಟು ಹೊತ್ತೂ ನೆಲ ನೋಡುತ್ತಿದ್ದ ಆದಿಲಕ್ಷ್ಮಿ ತಲೆಯೆತ್ತಿದಳು. ಪಕ್ಕದವನೊಬ್ಬ ಹಣ್ಣನ್ನು ಕಾಲಲ್ಲಿ ಒದೆಯಲು ಹೋದಾಗ ಅವನನ್ನು ದಬ್ಬಿ, ಮೈದಾನವೆಲ್ಲ ಕೇಳುವಂತೆ ಕೂಗಿದಳು:

"ಮುಟ್ಬೇಡ್ವೋ! ನಮ್ಮಮ್ಮ ಎತ್ಕೊಂತಾಳೆ!"